ಅತ್ತೆ ಬರೆದ ಬಸ್ಸಿನ ಕೋಷ್ಟಕ

ಅರವತ್ತು ದಾಟಿದ ಮೇಲೆ ನನ್ನ ಅತ್ತೆ ಕಂಪ್ಯೂಟರ್ ಕಲಿಯುತ್ತೇನೆಂದು ಕುಳಿತಾಗ ಅವರ ಬೀದಿಯವರೆಲ್ಲ ಮೆಚ್ಚಿಕೊಂಡರು. ನನ್ನ ಗಂಡ ಕಂಡಕಂಡವರಿಗೆ ಹೇಳಿಕೊಂಡು ತಿರುಗಿದರು. ನನಗೊಬ್ಬಳಿಗೆ ಮಾತ್ರ ಇದರ ಹಿಂದೆ ಏನೋ ಇದೆ ಅನ್ನಿಸಿತು. ಸುಮ್ಮಸುಮ್ಮನೆ ಯಾರೂ ಜಾವಾಸ್ಕ್ರಿಪ್ಟಿನಂಥ ಕಂಪ್ಯೂಟರ್ ಭಾಷೆ ಕಲಿಯುವುದಿಲ್ಲ. ಫೀಸು ಕಟ್ಟಿ ಬಂದು ಕೂತ ನನ್ನ ವಿದ್ಯಾರ್ಥಿಗಳೇ ಕಲಿಯುತ್ತಿರಲಿಲ್ಲ.

ಆಗ ನಾನು ಆಂಧ್ರದ ಹಿಂದೂಪುರದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ. ಎರಡು ಸಾವಿರದ ಐದೋ ಆರೋ ಇರಬೇಕು. ಗಂಡನಿಗೆ ಔಷಧಿ ಅಂಗಡಿಗಳಿಗೆ ಮಾಲು ಹಾಕುವ ಕೆಲಸ, ವಾರದಲ್ಲಿ ಮೂರ್ನಾಲ್ಕು ದಿನ ಊರೂರು ಸುತ್ತಾಟ. ಮಗಳು ಹುಟ್ಟಿ ಒಂದು ವರ್ಷ ಆಗುತ್ತಿದ್ದಂತೆ ಅವಳನ್ನು ನೋಡಿಕೊಳ್ಳುವವರು ಯಾರು ಎಂಬ ಮಾತು ಬಂತು. ನಮ್ಮಮ್ಮ ಪರಿಗಿಯ ಹತ್ತಿರದ ಹಳ್ಳಿಯಲ್ಲಿದ್ದರು. ಆದರೆ ಅವರ ಮನೆ ತುಂಬ ರೇಷ್ಮೆ ಹುಳು. ಹೊತ್ತುಹೊತ್ತಿಗೆ ಹುಳುವಿಗೆ ಸೊಪ್ಪು ಹಾಕುವುದರಲ್ಲಿ ಅವರಿಗೆ ತಮ್ಮ ಊಟದ ನೆನಪೇ ಇರುತ್ತಿರಲಿಲ್ಲ. ಕಲ್ಯಾಣದುರ್ಗದಲ್ಲಿ ಅತ್ತೆ ಪ್ರೈಮರಿ ಶಾಲೆಯ ಟೀಚರ್ ಕೆಲಸದಿಂದ ಆಗಷ್ಟೇ ರಿಟೈರ್ ಆಗಿದ್ದರು. ಮಾವ ನನ್ನ ಮದುವೆಗೆ ಮುಂಚೆಯೇ ತೀರಿಕೊಂಡಿದ್ದರು. "ಮಗೂನ ನನ್ನತ್ರ ಬಿಡ್ರಪ್ಪ, ನನಗೇನು ಮೇಯಿಸೋಕೆ ದನ ಐತಾ, ಎಮ್ಮೆ ಐತಾ?" ಎಂದು ಅವರೇ ಮುಂದೆ ಬಂದರು.

ಹಾಗಾಗಿ ಮಗಳು ಕಲ್ಯಾಣದುರ್ಗದಲ್ಲಿ, ನಾನು ಹಿಂದೂಪುರದಲ್ಲಿ. ಶನಿವಾರ ಮಧ್ಯಾಹ್ನ ಮೂರರ ಬಸ್ಸು ಹತ್ತಿ, ಪಾವಗಡದ ಮೇಲೆ ಮೂರೂವರೆ ಗಂಟೆ ಕುಲುಕಾಡಿಸಿಕೊಂಡು ಹೋಗಿ, ಮಗಳನ್ನು ತಬ್ಬಿಕೊಂಡು ಮಲಗಿ, ಭಾನುವಾರ ಮಧ್ಯಾಹ್ನದ ಬಸ್ಸಿಗೆ ವಾಪಸ್ಸು. ನಾಲ್ಕು ವರ್ಷ ಹೀಗೆ ನಡೆಯಿತು. ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಹೇಳುವುದಿಲ್ಲ. ಮಗಳು ಬಿದ್ದು ಮಂಡಿ ತರಚಿಕೊಂಡರೆ ನನ್ನ ಎದುರಿಗೇ "ಅಜ್ಜೀ" ಎಂದು ಕೂಗಿಕೊಂಡು ಓಡುತ್ತಿದ್ದಳು.

ಬರುವ ಜೂನ್‌ಗೆ ಅವಳನ್ನು ಹಿಂದೂಪುರದ ಶಾಲೆಗೆ ಸೇರಿಸಿ ನಮ್ಮ ಜೊತೆಯಲ್ಲೇ ಇಟ್ಟುಕೊಳ್ಳಬೇಕೆಂದು ನಾನು ತೀರ್ಮಾನಿಸಿದ್ದೆ. ಕೇಂದ್ರದಲ್ಲಿ ಮಧ್ಯಾಹ್ನದವರೆಗಿನ ಬ್ಯಾಚುಗಳನ್ನಷ್ಟೇ ತೆಗೆದುಕೊಳ್ಳಲು ಒಪ್ಪಿಗೆಯೂ ಸಿಕ್ಕಿತ್ತು. ಗಂಡ ಹೂಂ ಅಂದರು. ಅತ್ತೆ ಮಾತ್ರ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. "ನೋಡಾನ ಬಿಡಮ್ಮ, ಜೂನ್ ಬರ್ಲಿ" ಅಂದರು. ನಮ್ಮ ಕಡೆ ಹೆಣ್ಣು ಕೊಡಲು ಮನಸ್ಸಿಲ್ಲದವರು ಹೀಗೆಯೇ "ನೋಡಾನ" ಅನ್ನುತ್ತಾರೆ. ಆ ಮಾತು ಕೇಳಿದ ದಿನದಿಂದ ನನಗೆ ನೆಮ್ಮದಿ ಇರಲಿಲ್ಲ.

ಕಂಪ್ಯೂಟರ್ ಅವರ ಮನೆಗೆ ಬಂದದ್ದು ಅದೇ ದಿನಗಳಲ್ಲಿ. ನಮ್ಮ ಕೇಂದ್ರದಲ್ಲಿ ಹಳೆಯ ಯಂತ್ರಗಳನ್ನು ತೆಗೆದುಹಾಕುತ್ತಿದ್ದರು. ಅತ್ತೆ ಹೇಗೋ ಅದನ್ನು ತಿಳಿದುಕೊಂಡು ಮಗನ ಹತ್ತಿರ ಒಂದನ್ನು ತರಿಸಿಕೊಂಡರು. ನನ್ನ ಕ್ಲಾಸ್ ನೋಟ್ಸಿನ ಜೆರಾಕ್ಸ್ ಕೇಳಿದರು. ಕೊಟ್ಟೆ. ಎರಡು ದಿನದ ಸಂಭ್ರಮ, ಆಮೇಲೆ ಟಿವಿಯ ಹಾಗೆ ಅದಕ್ಕೂ ಹೂವಿನ ಕಸೂತಿಯ ಬಟ್ಟೆ ಹೊದಿಸುತ್ತಾರೆ ಅಂದುಕೊಂಡಿದ್ದೆ. ಅವರು ಬಿಡಲಿಲ್ಲ. ಬೆಳಗಿನ ಕೆಲಸ ಮುಗಿಸಿ, ಕನ್ನಡಕ ಏರಿಸಿ, ಕರೆಂಟು ಹೋಗುವವರೆಗೂ ಒಂದೊಂದೇ ಕೀ ಹುಡುಕಿ ಒತ್ತುತ್ತಿದ್ದರು. ಎರಡು ತಿಂಗಳಿಗೆ ಮಗ್ಗಿಯ ಕೋಷ್ಟಕವನ್ನು ಲೂಪ್ ಹಾಕಿ, ಅಂದರೆ ಒಂದೇ ಆಜ್ಞೆಯನ್ನು ಮತ್ತೆಮತ್ತೆ ಓಡಿಸಿ, ಪರದೆಯ ಮೇಲೆ ಬರಿಸಿದರು.

ಭಾನುವಾರ ಬೆಳಿಗ್ಗೆ ಅವರ ಕೋಡ್ ನೋಡುವುದು ನನ್ನ ಪಾಲಿಗೆ ಬಂತು. ನಾನು ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ "ಒಂದು ಕಡೆ ತಪ್ಪೈತೆ ಕಣಮ್ಮ, ಎಲ್ಲಿ ಅಂತ ತಿಳೀವಲ್ದು" ಎಂದು ಶುರುವಾಗುತ್ತಿತ್ತು. ತಿದ್ದಿದರೆ ಬೇಸರ ಮಾಡಿಕೊಳ್ಳುತ್ತಿರಲಿಲ್ಲ, "ಎಷ್ಟು ಮಾರ್ಕ್ಸು ಹಾಕ್ತೀಯ?" ಎಂದು ಕೇಳುತ್ತಿದ್ದರು. ಹತ್ತಕ್ಕೆ ಐದು ಕೊಟ್ಟರೆ, "ಆರು ಹಾಕಮ್ಮ, ಶುದ್ಧವಾಗಿ ಬರ್ದಿದ್ದೀನಿ" ಎಂದು ಚೌಕಾಸಿ. ನಗು ಬರುತ್ತಿತ್ತು. ಆದರೂ ಒಳಗೆ ಒಂದು ಮುಳ್ಳು ಆಡುತ್ತಲೇ ಇತ್ತು. ಈ ವಯಸ್ಸಿನಲ್ಲಿ, ಇಷ್ಟು ಹಟದಲ್ಲಿ, ಯಾಕೆ?

ಯಾಕೆಂದು ಒಂದು ಭಾನುವಾರ ಗೊತ್ತಾದ ಹಾಗಾಯಿತು. ಮಗಳಿಗೆ ತಲೆ ಬಾಚುತ್ತಾ ಅವರು, "ಹಿಂದೂಪುರದಾಗೆ ಇರೋದು ಇಲ್ಲೂ ಐತೆ ಈಗ, ಅಲ್ವೇನೇ ಪುಟ್ಟಿ? ನಮ್ಮನೇಲೂ ಕಂಪ್ಯೂಟ್ರು ಐತೆ" ಅಂದರು. ನನಗೆ ಹೇಳಿದ್ದಲ್ಲ, ಮಗುವಿಗೆ ಹೇಳಿದ್ದು. ಆದರೆ ಮಗುವಿಗೆ ಹೇಳಿ ಸೊಸೆಗೆ ಕೇಳಿಸುವುದು ಹಳೆಯ ವಿದ್ಯೆ. ಅದೇ ದಿನ ಅತ್ತೆಯ ಪಕ್ಕದ ಮನೆಯ ಟೈಲರಮ್ಮ ನನ್ನ ರವಿಕೆಯ ಅಳತೆ ತೆಗೆಯುತ್ತಾ ದನಿ ತಗ್ಗಿಸಿ, "ನಿಮ್ಮತ್ತಮ್ಮ ಮೊನ್ನೆ ಇಂಗ್ಲಿಷ್ ಮೀಡಿಯಂ ಸ್ಕೂಲ್ ಆಫೀಸಿನ ಮುಂದೆ ಕೂತಿದ್ರು ಕಣಮ್ಮ, ಸೀಟು ಕೇಳೋಕಂತೆ" ಅಂದಳು. ಕಂಪ್ಯೂಟರ್ ಇದೆ, ಕಲಿಸಲು ಅಜ್ಜಿ ಇದ್ದಾರೆ, ಇದೇ ಊರಿನಲ್ಲಿ ಸೀಟೂ ಇದೆ ಎಂದಮೇಲೆ ಮಗಳು ಹಿಂದೂಪುರಕ್ಕೆ ಏಕೆ ಬರಬೇಕು? ಲೆಕ್ಕ ಸರಿಹೋಯಿತು. ನಾನು ಮಾತ್ರ ಏನೂ ಗೊತ್ತಿಲ್ಲದವಳ ಹಾಗೆ ಇದ್ದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಹಾಗೆ ಎರಡು ವಾರ ಬಾಯಿ ಕಟ್ಟಿಕೊಂಡು ಓಡಾಡಿದೆ.

ಹಿಂದೂಪುರದ ಶಾಲೆಯವರು ಒಂದು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಮಗುವನ್ನು ಕರೆದುಕೊಂಡು ಬನ್ನಿ, ನೋಡಿ ಸೀಟು ಹೇಳುತ್ತೇವೆ ಅಂದರು. ಹಿಂದಿನ ದಿನವೇ ಮಗಳನ್ನು ಹೊರಡಿಸಬೇಕಿತ್ತು. ಭಾನುವಾರ ಮಧ್ಯಾಹ್ನದ ಬಿಸಿಲಿನಲ್ಲಿ ಮಗುವನ್ನು ಕರೆದೊಯ್ಯುವುದು ಬೇಡ, ಸಂಜೆಯ ಬಸ್ಸಿಗೆ ಹೋಗೋಣವೆಂದು ಯೋಚಿಸಿದೆ. ಸಂಜೆಯ ಬಸ್ಸುಗಳು ನನಗೆ ಗೊತ್ತಿರಲಿಲ್ಲ. ಅಲ್ಲದೆ ಬೇಸಿಗೆಗೆ ವೇಳೆಗಳನ್ನು ಬದಲಾಯಿಸಿದ್ದರು. "ಅತ್ತೆ, ಹಿಂದೂಪುರಕ್ಕೆ ಸಂಜೆ ಕಡೇ ಬಸ್ಸು ಎಷ್ಟೊತ್ತಿಗೆ?" ಎಂದೆ.

ಅವರ ಮುಖ ಅರಳಿತು. ಈಚೆಗೆ ಅವರು ಕಟ್ಟುತ್ತಿದ್ದ ಕೋಷ್ಟಕವೇ ಬಸ್ಸಿನದು. ಬಸ್‌ಸ್ಟ್ಯಾಂಡಿಗೆ ಹೋಗಿ ಬೋರ್ಡು ನೋಡಿ ಹೊಸ ವೇಳೆಗಳನ್ನು ಬರೆದುಕೊಂಡು ಬಂದಿದ್ದರು. ಕಂಪ್ಯೂಟರಿನ ಮುಂದೆ ಕೂತು, ಪುಟ ತೆರೆದು, ಬೆರಳಿಟ್ಟು ಓದಿದರು. "ಆರೂವರೆಗೆ ಐತೆ ನೋಡು. ಆರಾಮವಾಗಿ ಊಟ ಮಾಡ್ಕೊಂಡು ಹೊರಡ್ರಿ."

ಆರು ಗಂಟೆಗೆ ಬಸ್‌ಸ್ಟ್ಯಾಂಡಿನಲ್ಲಿದ್ದೆವು. ಆರೂವರೆ ಆಯಿತು, ಏಳೂ ಹೊಡೆಯಿತು. ಬಂದ ಒಂದು ಬಸ್ಸು ಹಿಂದೂಪುರದಿಂದ ಬಂದದ್ದು, ಇಲ್ಲೇ ನಿಲ್ಲುವಂಥದ್ದು. ಸೋಡಾ ಅಂಗಡಿಯವನನ್ನು ಕೇಳಿದರೆ, "ಹಿಂದೂಪುರಂ ಬಂಡಿ ಐದುಕೇ ಪೋಯಿಂದಮ್ಮಾ" ಎಂದ. ಐದಕ್ಕೇ ಹೋಗಿಬಿಟ್ಟಿತ್ತು. ಹೊರಗೆ ಜೀಪುಗಳು ನಿಂತಿದ್ದವು, ಎಲ್ಲವೂ ಬೆಳುಗುಪ್ಪದ ಕಡೆಯವು. ಬೆಳಿಗ್ಗೆ ಆರರ ಬಸ್ಸು ಹಿಡಿದರೂ ಒಂಬತ್ತಕ್ಕೆ ಮುಟ್ಟುವಂತಿರಲಿಲ್ಲ. ಗಂಡನಿಗೆ ಫೋನ್ ಮಾಡಿದೆ. ಅವರು ಶಾಲೆಯ ಹೆಡ್‌ಮಾಸ್ಟರ ಮನೆಗೇ ಫೋನ್ ಹಾಕಿ, ಕೈಕಾಲು ಹಿಡಿದು ಬುಧವಾರಕ್ಕೆ ಮುಂದೂಡಿಸಿಕೊಂಡರು. ಅದೇ ಕಡೆಯ ಅವಕಾಶ, ಬರದಿದ್ದರೆ ಸೀಟು ಬೇರೆಯವರಿಗೆ ಎಂದರಂತೆ.

ಆಟೋದಲ್ಲಿ ಮನೆಗೆ ವಾಪಸ್ಸು ಬರುವಾಗ ನನ್ನ ಮೈಯೆಲ್ಲ ಕೊತಕೊತ ಕುದಿಯುತ್ತಿತ್ತು. ಮೂವತ್ತೈದು ವರ್ಷ ಹಾಜರಿ ಕೂಗಿದ ಟೀಚರಿಗೆ ಐದಕ್ಕೂ ಆರೂವರೆಗೂ ವ್ಯತ್ಯಾಸ ಗೊತ್ತಾಗದೆ ಹೋಯಿತೇ? ಮನೆಗೆ ಬಂದೆ. ಅತ್ತೆ "ಅಯ್ಯೋ, ಯಾಕಮ್ಮ?" ಅಂದರು, ಮಗುವನ್ನು ಎತ್ತಿಕೊಂಡರು. ಕೈಕಾಲು ತೊಳೆಯಲು ಒಳಗೆ ಹೋದವಳು ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳ ತೆಗೆದು ನೋಡಿದೆ. ಅನ್ನ ಆಗಿತ್ತು. ಒಬ್ಬರಿಗಲ್ಲ, ಮೂವರಿಗೆ ಆಗುವಷ್ಟು. ಮಗುವಿಗೆಂದು ಬೇರೆಯಾಗಿ ಸಣ್ಣ ಬಟ್ಟಲಿನಲ್ಲಿ ಖಾರವಿಲ್ಲದ ಬೇಳೆ ಕೂಡ. ಹೊರಟುಹೋದವರಿಗೆ ಯಾರು ಅಡುಗೆ ಮಾಡಿಡುತ್ತಾರೆ? ನಾವು ತಿರುಗಿ ಬರುತ್ತೇವೆಂದು ಅವರಿಗೆ ಮೊದಲೇ ಗೊತ್ತಿತ್ತು!

ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಸಾಕ್ಷಿ ಇಲ್ಲದೆ ಬೈದರೆ ನಾನೇ ಕೆಟ್ಟವಳಾಗುತ್ತೇನೆ. ಅತ್ತೆ ಒಡೆದದ್ದು ಹಳೆಯ ಮಡಕೆ, ಸೊಸೆ ಒಡೆದದ್ದು ಹೊಸ ಮಡಕೆ ಎಂದು ಗಾದೆಯೇ ಇದೆಯಲ್ಲ. "ಆ ಬಸ್ಸಿನ ಪುಟ ತೆಗೀರಿ ಅತ್ತೆ, ನಾನು ನೋಡ್ತೀನಿ" ಅಂದೆ. ನನ್ನ ದನಿ ಹೇಗಿತ್ತೋ, ಅವರು ಎದ್ದು ಕಂಪ್ಯೂಟರ್ ಹಾಕಿದರು.

ಪುಟದಲ್ಲಿ ಎರಡು ಕೋಷ್ಟಕಗಳು. ಮೇಲಿನದಕ್ಕೆ ಕಲ್ಯಾಣದುರ್ಗದಿಂದ ಎಂಬ ತಲೆಬರಹ, ಕೆಳಗಿನದಕ್ಕೆ ಹಿಂದೂಪುರದಿಂದ ಎಂಬುದು. ಎರಡರಲ್ಲೂ ಅವವೇ ವೇಳೆಗಳು, ಅದೇ ಸಾಲು. ಅಂದರೆ ಕಲ್ಯಾಣದುರ್ಗಕ್ಕೆ ಬಂದು ಸೇರುವ ಬಸ್ಸುಗಳೇ ಎರಡು ಕಡೆಯೂ ಇದ್ದವು. ಇಲ್ಲಿಂದ ಹೊರಡುವ ಬಸ್ಸು ಒಂದೂ ಇರಲಿಲ್ಲ. ಬರಲು ದಾರಿ ಇದೆ, ಹಿಂತಿರುಗಲು ಇಲ್ಲ! ಸಿಕ್ಕಿಬಿದ್ದರು ಅಂದುಕೊಂಡೆ. ಆ ಕ್ಷಣ ನನಗೆ ಸಿಟ್ಟಿನ ಜೊತೆ ಒಂದು ಬಗೆಯ ಖುಷಿಯೂ ಆಯಿತು. ನನ್ನ ಅನುಮಾನ ಹುಸಿಯಾಗಿರಲಿಲ್ಲ.

ಖಚಿತ ಮಾಡಿಕೊಳ್ಳಲು ನೋಟ್‌ಪ್ಯಾಡಿನಲ್ಲಿ ಕೋಡ್ ತೆರೆದೆ. ಮೊದಲ ಸಾಲಿನಲ್ಲೇ ಒಂದು ಅರೇ, ಅಂದರೆ ವೇಳೆಗಳನ್ನೆಲ್ಲ ಸಾಲಾಗಿ ತುಂಬಿಟ್ಟ ಡಬ್ಬಿ. ಬೆಳಿಗ್ಗೆ ಆರು, ಎಂಟೂ ನಲವತ್ತು, ಮಧ್ಯಾಹ್ನ ಒಂದು, ಸಂಜೆ ಐದು. ನಾನು ಎರಡು ಸಲ ಓದಿದೆ. ಸಂಜೆ ಐದು ಅಲ್ಲಿತ್ತು. ಇಲ್ಲಿಂದ ಹೊರಡುವ ಬಸ್ಸುಗಳನ್ನು ಅವರು ಒಂದೂ ಬಿಡದೆ ಬರೆದಿದ್ದರು, ಅವನ್ನೇ ಮೊದಲು ಬರೆದಿದ್ದರು. ಅದರ ಕೆಳಗೆ ಎರಡನೆಯ ಅರೇ, ಹಿಂದೂಪುರದಿಂದ ಬರುವ ಬಸ್ಸುಗಳದು. ಎರಡಕ್ಕೂ ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ಹೆಸರು, "ಬರೋ". ಅವೆರಡೂ ಮುಗಿದ ಮೇಲೆ ಕೋಷ್ಟಕ ಕಟ್ಟುವ ಎರಡು ಲೂಪುಗಳು.

ಏನಾಗಿದೆಯೆಂದು ತಿಳಿಯಿತು. ಒಂದೇ ಹೆಸರಿನ ಡಬ್ಬಿಗೆ ಮೊದಲು ಬೇಳೆ ಹಾಕಿ, ಆಮೇಲೆ ಅಕ್ಕಿ ಹಾಕಿದರೆ ಜಾವಾಸ್ಕ್ರಿಪ್ಟ್ ತಕರಾರು ಮಾಡುವುದಿಲ್ಲ. ಸದ್ದಿಲ್ಲದೆ ಬೇಳೆಯನ್ನು ಚೆಲ್ಲಿ ಅಕ್ಕಿ ತುಂಬಿಕೊಳ್ಳುತ್ತದೆ. ಒಂದು ಅರೇ ಬರೆದು ಅದರ ಕೆಳಗೇ ಅದರ ಲೂಪ್ ಬರೆದಿದ್ದರೆ ತೊಂದರೆಯೇ ಇರಲಿಲ್ಲ. ಸಾಮಾನೆಲ್ಲ ಮೊದಲು ಒಂದು ಕಡೆ ಜೋಡಿಸಿಕೊಂಡು ಆಮೇಲೆ ಅಡುಗೆಗೆ ಇಳಿಯಬೇಕು ಎಂದು ನನ್ನ ನೋಟ್ಸಿನಲ್ಲಿತ್ತು. ಅವರು ಹಾಗೇ ಮಾಡಿದ್ದರು.

ಆದರೂ ನನಗೆ ಪೂರ್ತಿ ನಂಬಿಕೆ ಬರಲಿಲ್ಲ. "ಇದು ಬರೋ ಬಸ್ಸು, ಸರಿ. ಮೇಲಿಂದು ಹೋಗೋ ಬಸ್ಸಲ್ವಾ ಅತ್ತೆ? ಅದಕ್ಕೂ ಯಾಕೆ 'ಬರೋ' ಅಂತ ಹೆಸರಿಟ್ರಿ? 'ಹೋಗೋ' ಅಂತ ಇಡಬಹುದಿತ್ತಲ್ಲ?"

ಅವರು ನನ್ನನ್ನೇ ದಿಟ್ಟಿಸಿ ನೋಡಿದರು. "ಹೋಗೋ ಬಸ್ಸು ಅಂತ ಬರೀಲೇನು? ನೀನು ಹತ್ತೋ ಬಸ್ಸಿಗೆ? ಮಗು ಹತ್ತೋ ಬಸ್ಸಿಗೆ?"

ನಮ್ಮ ಕಡೆ ಬೀದಿ ಕೊನೆಯ ಅಂಗಡಿಗೆ ಹೊರಟರೂ ಯಾರೂ ಹೋಯ್ತೀನಿ ಅನ್ನುವುದಿಲ್ಲ, ಬತ್ತೀನಿ ಅನ್ನುತ್ತಾರೆ. ಬಾಯಿತಪ್ಪಿ ಮಕ್ಕಳು ಹೋಯ್ತೀನಿ ಅಂದರೆ ಹಿರಿಯರು ಹೊಸಿಲಿಂದ ವಾಪಸ್ಸು ಕರೆದು, ಹೋಗಿ ಬತ್ತೀನಿ ಅನ್ನಿಸಿಯೇ ಕಳಿಸುತ್ತಾರೆ. ಅತ್ತೆ ಶಾಲೆಯಲ್ಲಿ ಸಂಜೆಯ ಗಂಟೆ ಹೊಡೆದಾಗಲೂ ಮಕ್ಕಳಿಂದ ಅದನ್ನೇ ಅನ್ನಿಸುತ್ತಿದ್ದರಂತೆ. ನಾನೂ ಅದನ್ನೇ ಕೇಳಿ ಬೆಳೆದವಳು. ಆದರೆ ಕೋಡಿನ ಡಬ್ಬಿಗೆ ಹೆಸರಿಡುವಾಗ ಯಾರಾದರೂ ಅದನ್ನು ಯೋಚಿಸುತ್ತಾರೆಂದು ಹೊಳೆದಿರಲಿಲ್ಲ.

"ಕಂಪ್ಯೂಟರ್‌ಗೆ ಅದೆಲ್ಲ ಗೊತ್ತಾಗಲ್ಲ ಅತ್ತೆ" ಎಂದೆ.

"ಅದಕ್ಕೆ ಗೊತ್ತಾಗ್ದಿದ್ರೆ ಬಿಡು, ಬರೆಯೋಳಿಗೆ ಗೊತ್ತಾಯ್ತದಲ್ಲ" ಎಂದರು.

ಮಗು ಅವರ ತೊಡೆಯ ಮೇಲೆ ತಲೆಯಿಟ್ಟು ಆಗಲೇ ತೂಕಡಿಸುತ್ತಿತ್ತು. ನಾನು ಇನ್ನು ಬಾಯಿ ಕಟ್ಟಿಕೊಳ್ಳಲಾರದೆ ಹೋದೆ. "ಒಂದು ಮಾತು ಕೇಳ್ತೀನಿ, ನಿಜ ಹೇಳ್ರಿ. ಇಲ್ಲಿನ ಸ್ಕೂಲಲ್ಲಿ ಸೀಟು ಕೇಳೋಕೆ ಹೋಗಿದ್ರಾ?"

"ಹೋಗಿದ್ದೆ."

ಇಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾರೆಂದು ನಾನು ಎಣಿಸಿರಲಿಲ್ಲ. "ಅಂದ್ರೆ ಮಗೂನ ಕಳಿಸ್ಬಾರ್ದು ಅಂತ ಇತ್ತು."

"ಇತ್ತು ಕಣಮ್ಮ. ಸುಳ್ಳು ಯಾಕೆ ಹೇಳ್ಲಿ? ಸೀಟು ಐತೆ ಅಂದ್ರು, ಫಾರಂ ತಗೊಳ್ಳಿ ಅಂದ್ರು. ತಾಯಿ ಹೆಸರು ಏನು ಬರ್ಕಳ್ಳಾನ ಅಂತ ಕೇಳಿದ್ರು ನೋಡು, ಎದ್ದು ಬಂದ್ಬುಟ್ಟೆ. ಅಲ್ಲಿಂದ ಸೀದಾ ಬಸ್‌ಸ್ಟ್ಯಾಂಡಿಗೆ ಹೋಗಿ ಟೈಮು ಬರ್ಕೊಂಡೆ."

ಆಮೇಲೆ ಅನ್ನದ ವಿಷಯ ನೆನಪಾಯಿತು. ಅದನ್ನೂ ಬಿಡಲಿಲ್ಲ. "ಮತ್ತೆ ಇವತ್ತು ಮೂವರಿಗೆ ಅನ್ನ ಯಾಕೆ ಮಾಡಿದ್ರಿ?"

"ನೀವು ಹೊರಟ ಮೇಲೆ ಅಕ್ಕಿ ತೊಳೆಯೋಕೆ ಕೂತೆ. ಕೈ ರೂಢಿ ಮೇಲೆ ಮೂವರಿಗೇ ಹಾಕ್ತು. ಬೇಳೆನೂ ತೆಗ್ದಿಟ್ಟೆ, ಆಮೇಲೆ ನೆನಪಾತು ತಿನ್ನೋರು ಇಲ್ಲ ಅಂತ." ಮಗುವಿನ ಕೂದಲನ್ನು ಹಣೆಯಿಂದ ಹಿಂದಕ್ಕೆ ಸರಿಸಿದರು. "ಬುಧವಾರಕ್ಕೆ ನಾನೂ ಬತ್ತೀನಿ. ಮಧ್ಯಾಹ್ನದ ಬಸ್ಸಿಗೇ ಮುಂಚಿನ ದಿನ ಹೊರಡಾನ. ಬಿಸಿಲಾದ್ರೆ ಆಗ್ಲಿ."

ಅಷ್ಟಕ್ಕೆ ಸುಮ್ಮನಾಗಬೇಕಿತ್ತು. ನನ್ನ ಬುದ್ಧಿ ಹಾಗಲ್ಲ. ಒಂದು ಗಂಟು ಬಿಚ್ಚಿದರೆ ಇನ್ನೊಂದು ಎಲ್ಲಿದೆಯೆಂದು ಹುಡುಕುತ್ತದೆ. ಮಗುವನ್ನು ಇಟ್ಟುಕೊಳ್ಳಲು ಅಲ್ಲವೆಂದರೆ ಈ ಕಂಪ್ಯೂಟರ್ ಯಾಕೆ ಬಂತು? ಕೇಳಿಯೇಬಿಟ್ಟೆ.

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ನಾಳೆ ಮಗು ಹಿಂದೂಪುರ ಸೇರ್ಕಂಡ್ಮೇಲೆ ನೀನ್ಯಾಕೆ ಇಲ್ಲಿಗೆ ಬತ್ತೀಯ? ನನ್ನ ಮಗನಾದ್ರೆ ಹಬ್ಬಕ್ಕೋ ಹುಣ್ಣಿಮೆಗೋ ಬತ್ತಾನೆ. ನೀನು ವಾರವಾರ ಬತ್ತಿದ್ದು ಮಗೂಗೋಸ್ಕರ. ನಾಲ್ಕು ವರ್ಷದಿಂದ ಶನಿವಾರ ಆದ್ರೆ ಗೇಟಿನ ಕಡೆ ಕಿವಿ ಹೋಯ್ತದೆ ನನಗೆ, ಮಗೂಗೆ ಹೋದಂಗೇ. ನಿನಗೆ ಬರೋ ವಿದ್ಯೆ ಇದೊಂದೇ. ಇದನ್ನ ಕಲ್ತ್ರೆ ತಪ್ಪು ಇದ್ದೇ ಇರ್ತದೆ. ತಪ್ಪಿದ್ರೆ ತಿದ್ದೋಕೆ ಬತ್ತೀಯ ಅನ್ಕಂಡೆ."

ಆ ಮನೆಗೆ ನಾನು ಬರುವುದನ್ನು ಯಾರಾದರೂ ಕಾಯುತ್ತಾರೆ ಎಂದರೆ ಅದು ಮಗಳು ಮಾತ್ರ ಎಂದು ನಾಲ್ಕು ವರ್ಷವೂ ನಂಬಿದ್ದೆ. ಕೀಬೋರ್ಡ್ ಎಳೆದುಕೊಂಡು ಒಂದು ಅರೇಗೆ "ಬರೋ ಒಂದು", ಇನ್ನೊಂದಕ್ಕೆ "ಬರೋ ಎರಡು" ಎಂದು ಹೆಸರು ಬದಲಿಸಿದೆ. ಕೋಷ್ಟಕಗಳು ಸರಿಯಾಗಿ ಬಂದವು. ಮೇಲಿನದರಲ್ಲಿ ಸಂಜೆ ಐದು ಕಾಣಿಸಿತು. "ಎಷ್ಟು ಮಾರ್ಕ್ಸಮ್ಮ?" ಎಂದು ಅತ್ತೆ ಕೇಳಿದರು. ಒಂಬತ್ತು ಅಂದೆ. ಜಾಸ್ತಿ ಆಯಿತು ಅಂದರು.

ಬುಧವಾರ ಸೀಟು ಸಿಕ್ಕಿತು. ಜೂನ್‌ನಲ್ಲಿ ಮಗಳು ನಮ್ಮ ಮನೆಗೆ ಬಂದಳು. ಮೊದಲ ವಾರ ಅಜ್ಜಿ ಬೇಕೆಂದು ಅತ್ತಳು, ಆಮೇಲೆ ಗೆಳತಿಯರು ಸಿಕ್ಕಿ ಅಳು ಕಡಿಮೆಯಾಯಿತು. ಶನಿವಾರಗಳಲ್ಲಿ ಅವಳನ್ನು ಕರೆದುಕೊಂಡು ಕಲ್ಯಾಣದುರ್ಗಕ್ಕೆ ಹೋಗಿಬರುತ್ತಿದ್ದೆ. ಒಂದು ವಾರ ಅವಳ ಶಾಲೆಯಲ್ಲಿ ಏನೋ ಕಾರ್ಯಕ್ರಮ, ಗಂಡ ಮನೆಯಲ್ಲೇ ಇದ್ದರು. ನಾನೊಬ್ಬಳೇ ಹೊರಟೆ. ಹೋಗದಿದ್ದರೂ ನಡೆಯುತ್ತಿತ್ತು. ಹೋದೆ.

ಅತ್ತೆ ನನ್ನ ಹಿಂದೆ ಮಗುವಿಗಾಗಿ ಕಣ್ಣಾಡಿಸಿದರು. ಇಲ್ಲವೆಂದು ತಿಳಿದರೂ ಮುಖ ಸಣ್ಣದು ಮಾಡಲಿಲ್ಲ, ಕಾಫಿಗೆ ಹಾಲು ಇಟ್ಟರು. "ಬಸ್ಸಿನ ಪುಟ ಯಾಕೋ ತೆರೀವಲ್ದು ಕಣಮ್ಮ, ಬರೀ ಬಿಳೀ ಬತ್ತದೆ" ಎಂದು ಒಳಗಿನಿಂದಲೇ ಕೂಗಿದರು. ಕೂತು ನೋಡಿದೆ. ಪರದೆ ಖಾಲಿ, ಮೂಲೆಯಲ್ಲಿ ಹಳದಿ ಎಚ್ಚರಿಕೆಯ ಗುರುತು. ಕೋಡ್ ತೆರೆದರೆ ಎರಡನೆಯ ಅರೇಯಲ್ಲಿ ಒಂದು ಉದ್ಧರಣ ಚಿಹ್ನೆ ಇರಲಿಲ್ಲ. ಹಿಂದಿನ ಭಾನುವಾರ ಈ ಪುಟ ಸರಿಯಾಗಿ ತೆರೆದದ್ದನ್ನು ನಾನೇ ಕಣ್ಣಾರೆ ನೋಡಿದ್ದೆ. ಆಮೇಲೆ ಹೊಸದಾಗಿ ಒಂದು ಅಕ್ಷರವನ್ನೂ ಸೇರಿಸಿರಲಿಲ್ಲ. ಚಿಹ್ನೆ ಇರಬೇಕಾದಲ್ಲಿ ಅಷ್ಟೇ ಅಗಲದ ಖಾಲಿ ಜಾಗ ಇತ್ತು. ಅದು ತಾನಾಗಿ ಬಿದ್ದುಹೋಗುವ ವಸ್ತುವಲ್ಲ.

ಅಡುಗೆಮನೆಯ ಕಡೆ ತಿರುಗಿ ನೋಡಿದೆ. ಅತ್ತೆ ಬೆನ್ನು ತಿರುಗಿಸಿ ನಿಂತು ಹಾಲನ್ನೇ ನೋಡುತ್ತಿದ್ದರು. ಹಾಲು ಇನ್ನೂ ಬಿಸಿಯೂ ಆಗಿರಲಿಲ್ಲ.

"ತಪ್ಪು ಸಿಕ್ತೇನಮ್ಮ?" ಎಂದರು.

"ಸಿಕ್ತು ಅತ್ತೆ. ದೊಡ್ಡ ತಪ್ಪು. ಒಂದೇ ವಾರದಲ್ಲಿ ತಿದ್ದೋಕೆ ಆಗಲ್ಲ" ಎಂದೆ. "ಮುಂದಿನ ವಾರಾನೂ ಬತ್ತೀನಿ."